ಮೊದ್ಲ ನೀರು, ಆಮ್ಯಾಲ ಮಾತು

ಸಹನಾ, ಮಲ್ಲು, ಹೋದ ಭಾನುವಾರ ದೇವರ ಹಿಪ್ಪರಗಿಯಿಂದ ಬರುವಾಗ ನೀವಿಬ್ಬರೂ ನನ್ನ ಎರಡೂ ಮಗ್ಗುಲಿಗೆ ಕುಳಿತು ಒಂದೇ ಪ್ರಶ್ನೆ ಕೇಳುತ್ತಿದ್ದಿರಿ. "ಆಯಿ, ಆ ಸಾಹೇಬ್ರು ಹಂಗ್ಯಾಕ ಅಂದ್ರು? ನೀ ಒಂದ ಸಲ ಏನ್ ಮಾತಾಡಿದ್ದಿ?" ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದ ಮೇಲೂ ಬಿಡಲಿಲ್ಲ. ಬಸ್ಸಿನ ತುಂಬ ಮಂದಿ. ಅಷ್ಟು ಮಂದಿಯ ನಡುವೆ ನಾನು ಬಾಯಿ ಬಿಡುವವಳಲ್ಲ ಎಂದು ನಿಮಗೆ ಗೊತ್ತಿದೆ. ಬರೆದು ಕೊಡುತ್ತೇನೆ ಎಂದೆ. ನಾನು ಓದಿದ್ದು ನಮ್ಮ ಹಳ್ಳಿಯ ಸಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅಕ್ಷರ ದುಂಡಗಿವೆ ಎಂದು ಮಾಸ್ತರರು ಅನ್ನುತ್ತಿದ್ದರು, ಅದೇ ಧೈರ್ಯ. ಸಹನಾಳ ಹೋದ ವರ್ಷದ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಅವತ್ತು ನೀವು ಕಂಡದ್ದು ಇಷ್ಟು. ದನದ ದವಾಖಾನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಶಾಮಿಯಾನ. ನಿವೃತ್ತರಾದ ಡಾಕ್ಟರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ದೊಡ್ಡವರೆಲ್ಲ ಮಾತಾಡಿದ ಮೇಲೆ, ಅವರ ಕೈಕೆಳಗೆ ಸಿಪಾಯಿ ಕೆಲಸ ಮಾಡಿದವಳು ಎಂದು ಯಾರೋ ನನ್ನ ಕೈಗೂ ಮೈಕು ಕೊಟ್ಟರು. ನಾನು "ಛಲೋ ಮಂದಿ ರೀ" ಎಂದಷ್ಟೇ ಹೇಳಿ ತಿರುಗಿ ಕೊಟ್ಟೆ. ಮಂದಿ ನಕ್ಕರು. ಆಗ ಅವರು ಕುರ್ಚಿಯಿಂದಲೇ, ಮೈಕಿಲ್ಲದೆ, ಎಲ್ಲರಿಗೂ ಕೇಳುವ ಹಾಗೆ ಅಂದರು: "ನಗಬ್ಯಾಡ್ರಿ. ಅಕ್ಕಾರು ಒಂದ ಸಲ ಮಾತಾಡ್ಯಾರ. ಅಷ್ಟ ಸಾಕ್ರಿ ನನಗ."

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷ ಅವರನ್ನು ಸಾಹೇಬ್ರ ಎಂದೇ ಕರೆದೆ. ಬಾಯಲ್ಲಿ ಬಾರದ ಹೆಸರು ಕೈಯಲ್ಲೂ ಬರುವುದಿಲ್ಲ.

ಹೊರ್ತಿ ಕಡೆಯವರು. ತಂದೆಗೆ ಅಲ್ಲಿ ಹೊಲವಿತ್ತು, ಎರಡು ಜೋಡಿ ಎತ್ತಿದ್ದವು. ಎತ್ತಿನ ಡಾಕ್ಟರ್ ಆಗಲೆಂದು ಓದಿಸಿದರಂತೆ. "ನಮ್ಮಪ್ಪ ಎತ್ತಿನ ಸಲುವಾಗಿ ಓದಿಸಿದಾ, ನಾನು ನಾಯಿ ಬೆನ್ನ ಹತ್ತೀನಿ" ಎಂದು ನಗುತ್ತಿದ್ದರು. ನಾನು ಕೆಲಸಕ್ಕೆ ಸೇರಿದ್ದು ನಿಮ್ಮ ಅಜ್ಜ ತೀರಿಕೊಂಡ ಮೇಲೆ. ಅವರೂ ಅದೇ ದವಾಖಾನೆಯ ಸಿಪಾಯಿ. ಅವರ ಜಾಗ ನನಗೆ ಸಿಕ್ಕಿತು. ಕಸ ಗುಡಿಸುವುದು, ಫಿನಾಯಿಲ್ ಹಾಕಿ ಒರೆಸುವುದು, ಸಿರಿಂಜು ಕುದಿಸುವುದು, ಚೀಟಿ ಬರೆಯುವುದು. ಮೊದಲ ಒಂದು ವರ್ಷ ನಾನು ಸೆರಗು ತಲೆಯಿಂದ ಇಳಿಸಿದವಳಲ್ಲ, "ಹೂಂ ರೀ" ಬಿಟ್ಟು ಬೇರೆ ಮಾತಾಡಿದವಳಲ್ಲ. ಸಾಹೇಬರೂ ಮಾತಾಡಿಸಲಿಲ್ಲ. ನಾಯಿಯೊಡನೆ ಹೇಗಿರುತ್ತಿದ್ದರೋ ನನ್ನೊಡನೆಯೂ ಹಾಗೇ ಇದ್ದರು ಎಂದು ಈಗ ಅನ್ನಿಸುತ್ತದೆ. ಇದನ್ನು ಬೇಸರದಿಂದ ಹೇಳುತ್ತಿಲ್ಲ.

ಅಂಜಿದ ನಾಯಿ ಬಂದರೆ ಅವರು ಅದರ ಹತ್ತಿರ ಹೋಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ. ಕೈಯ ಹಿಂಭಾಗವನ್ನು ನೆಲದ ಹತ್ತಿರ ಚಾಚಿ, ನಾಯಿಯ ಮಾಲೀಕನೊಡನೆ ಮಳೆ, ತೊಗರಿ, ಮನೆಯ ಮಕ್ಕಳ ಸುದ್ದಿ ಮಾತಾಡುತ್ತಿದ್ದರು. ನಾಯಿ ತಾನಾಗಿ ಬಂದು ಮೂಸುತ್ತಿತ್ತು. ಆಮೇಲೆ ಕೆಳಗಿನ ರೆಪ್ಪೆ ಎಳೆದು ನೋಡುವುದು, ತುಟಿ ಎತ್ತಿ ವಸಡಿನ ಬಣ್ಣ ನೋಡುವುದು, ಹೆಗಲ ಮೇಲಿನ ತೊಗಲು ಎತ್ತಿ ಬಿಡುವುದು. ತೊಗಲು ಸಟ್ಟನೆ ಇಳಿದರೆ ಮೈಯಲ್ಲಿ ನೀರಿದೆ, ಮಡಿಕೆ ಬಿದ್ದು ನಿಂತರೆ ನೀರು ಇಂಗಿದೆ. ನಿಮ್ಮ ನಾಯಿಮರಿ ಕಾಳ್ಯಾನಿಗೆ ಹೋದ ತಿಂಗಳು ಭೇದಿಯಾದಾಗ ನಾನು ಅವನ ಹೆಗಲ ತೊಗಲು ಎತ್ತಿದೆನಲ್ಲ, "ಆಯಿ, ಅದಕ್ಕ ನೋವಾಗ್ತೈತಿ" ಎಂದು ಮಲ್ಲು ಅತ್ತನಲ್ಲ, ಅದು ಅವರು ಕಲಿಸಿದ್ದು.

ಇಂಥ ಮನುಷ್ಯ ಹುಂಜಕ್ಕೆ ಹೆದರುತ್ತಿದ್ದರು. ಕಚ್ಚುವ ನಾಯಿಯ ಕಿವಿಯಲ್ಲಿ ಕೈ ಆಡಿಸಿ ಹುಳು ತೆಗೆಯುವವರು, ಅಂಗಳಕ್ಕೆ ಪಕ್ಕದ ಮನೆಯ ಹುಂಜ ಬಂದರೆ ಮೇಜಿನ ಆಚೆ ನಿಲ್ಲುತ್ತಿದ್ದರು. "ಅದರ ಕಣ್ಣ ಛಲೋ ಇಲ್ರಿ ಅಕ್ಕಾರ, ಮೊದ್ಲ ಅದನ್ನ ಓಡಸ್ರಿ" ಎನ್ನುವರು. ನಾನು ಕಸಬರಿಗೆ ಹಿಡಿದು ಓಡಿಸುತ್ತಿದ್ದೆ. ದವಾಖಾನೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಆಗಲೇ.

ಇನ್ನೊಂದು, ಕೈ ತೊಳೆಯುವುದು. ಅವರಷ್ಟು ತೊಳೆಯುವವರನ್ನು ನಾನು ನೋಡಿಲ್ಲ. ನಾಯಿಯನ್ನು ಮುಟ್ಟಿದ ಬಟ್ಟೆಯಲ್ಲಿ ನಮಾಜಿಗೆ ಹೋಗುತ್ತಿರಲಿಲ್ಲ. ಕಪಾಟಿನಲ್ಲಿ ಇನ್ನೊಂದು ಜೊತೆ ಬಟ್ಟೆ ಮಡಿಚಿ ಇಟ್ಟಿರುತ್ತಿದ್ದರು. ಹೊರಗಿನ ನಳದ ಹತ್ತಿರ ಕೆಂಪು ಸಾಬೂನು ಯಾವಾಗಲೂ ಇರಬೇಕು. ಅದು ತೀರಿದ ದಿನ ಮಾತ್ರ ನನಗೆ ಬೈಗಳು. ಯಾರಾದರೂ ನಾಯಿ ಕಚ್ಚಿತೆಂದು ಅಳುತ್ತ ಬಂದರೆ, ಯಾವ ನಾಯಿ, ಯಾರ ನಾಯಿ, ಹೇಗೆ ಕಚ್ಚಿತು ಎಂದು ಬಂದವರು ಹೇಳಲು ಸುರು ಮಾಡುವ ಮೊದಲೇ ಸಾಹೇಬರು ತೋಳು ಹಿಡಿದು ನಳದ ಹತ್ತಿರ ಒಯ್ಯುವರು. "ಮೊದ್ಲ ನೀರು, ಆಮ್ಯಾಲ ಮಾತು." ಹರಿಯುವ ನೀರು, ಸಾಬೂನು, ಗಡಿಯಾರ ನೋಡಿ ಹದಿನೈದು ನಿಮಿಷ. ಕೆಲವರು ಗಾಯಕ್ಕೆ ಸುಣ್ಣ ಹಚ್ಚಿಕೊಂಡು ಬರುತ್ತಿದ್ದರು, ಕೆಲವರು ಖಾರದ ಪುಡಿ. ಅದನ್ನೆಲ್ಲ ತೊಳೆದು, "ಇದು ದನದ ದವಾಖಾನಿ. ನಿಮ್ಮ ಸೂಜಿ ಮನಷ್ಯಾರ ದವಾಖಾನ್ಯಾಗ ಐತಿ. ಈಗಿಂದೀಗ ನಡೀರಿ" ಎಂದು ಕಳಿಸುವರು.

ಆ ಕಾಲಕ್ಕೆ ದನದ ದವಾಖಾನೆಗೆ ಬೆಕ್ಕು ನಾಯಿ ತರುವುದೆಂದರೆ ಮಂದಿ ನಗುತ್ತಿದ್ದರು. ಎತ್ತು, ಎಮ್ಮೆ, ಕುರಿ ಬಂದರೆ ಮರ್ಯಾದೆ. ಒಂದು ದಿನ ಬಾಗೇವಾಡಿ ಕಡೆಯ ಹಳ್ಳಿಯಿಂದ ಒಬ್ಬ ಮುದುಕಿ ಜೋಳದ ಚೀಲದಲ್ಲಿ ಬೆಕ್ಕು ಕಟ್ಟಿಕೊಂಡು ಬಂದಳು. ಬಂದವಳೇ ಕಂಡಕ್ಟರನನ್ನು ಬೈಯತೊಡಗಿದಳು. "ಚೀಲದಾಗ ಏನೈತಿ ಬೇ ಅಂದಾ. ಜ್ವಾಳ ಅಂದೆ. ಜ್ವಾಳ ಮಿಯಾಂವ್ ಅಂತೈತೇನು, ಟಿಕೀಟ್ ತಗೀ ಅಂತಾನ! ನನ್ನ ಜ್ವಾಳ ಕಾಯೂದು ಇದ ಬೆಕ್ಕು, ಇದಕ್ಯಾಕ ಟಿಕೀಟೋ ಅಂದೆ." ಎತ್ತು ಹಿಡಿದು ನಿಂತಿದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. ಚೀಲ ಬಿಚ್ಚಿಸಿದರು. ಬೆಕ್ಕು ಗಡಗಡ ನಡುಗುತ್ತಿತ್ತು, ಬಾಯಿಂದ ನೊರೆ.

"ಏನ್ ಹಚ್ಚೀರಿ ಇದಕ್ಕ?"

"ಉಣ್ಣಿ ಆಗಿದ್ದೂರಿ. ಎಮ್ಮಿಗೆ ಹಚ್ಚೂ ಎಣ್ಣಿ ಉಳದಿತ್ತು."

"ಯವ್ವಾ, ಬೆಕ್ಕು ಅಂದ್ರ ಸಣ್ಣ ಎಮ್ಮಿ ಅಲ್ಲಬೇ. ಮೈ ಎಲ್ಲಾ ನೆಕ್ಕೂ ಜಾತಿ ಅದು. ಹಚ್ಚಿದ್ದು ತೊಗಲಿನಾಗೂ ಇಳಿತೈತಿ, ಹೊಟ್ಟ್ಯಾಗೂ ಹೋಗತೈತಿ."

ಎತ್ತಿನವರನ್ನು ಕಾಯಲು ಹೇಳಿ, ಪಾತ್ರೆ ತೊಳೆಯುವ ಸಾಬೂನಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಆ ಬೆಕ್ಕನ್ನು ತಾವೇ ತೊಳೆದರು. ನಡುಕ ನಿಲ್ಲಲು ಸೂಜಿ ಕೊಟ್ಟು, ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಸಿ, ಸಂಜೆಯವರೆಗೆ ನನ್ನ ಮಡಿಲಲ್ಲಿ ಇರಿಸಿದರು. ರಿಜಿಸ್ಟರಿನಲ್ಲಿ ಎತ್ತುಗಳ ಸಾಲಿನಲ್ಲೇ "ಬೆಕ್ಕು, ಹೆಣ್ಣು, ಒಂದು" ಎಂದು ನನ್ನಿಂದ ಬರೆಸಿದರು. ಅದು ಬದುಕಿತು. ಮನುಷ್ಯರ ಜ್ವರದ ಗುಳಿಗೆ ತಿನ್ನಿಸಿ ತಂದ ಇನ್ನೊಂದು ಬೆಕ್ಕು ಬದುಕಲಿಲ್ಲ, ಅದರ ವಸಡು ಕಂದು ಬಣ್ಣಕ್ಕೆ ತಿರುಗಿತ್ತು. ಅಂಥ ದಿನ ಅವರು ನಳದ ಹತ್ತಿರ ಬಹಳ ಹೊತ್ತು ನಿಲ್ಲುತ್ತಿದ್ದರು.

ಬೈಯುವುದು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಕಜ್ಜಿಯಾದ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲು ಬಳಿಯುವುದು ನಮ್ಮ ಕಡೆಯ ಪದ್ಧತಿ. ಒಬ್ಬ ಗ್ಯಾರೇಜಿನವನು ತನ್ನ ನಾಯಿಗೆ ಅಡಿಯಿಂದ ಮುಡಿಯವರೆಗೆ ಬಳಿದು, ಅದು ಅನ್ನ ಬಿಟ್ಟ ಮೇಲೆ ಎಳೆದು ತಂದ. ಸಾಹೇಬರು ಅವನ ಕರಿ ಕೈ ನೋಡಿದರು, ನಾಯಿಯ ಕರಿ ಮೈ ನೋಡಿದರು. "ನಾಯೇನ್ ಟ್ರ್ಯಾಕ್ಟರ್ ಏನೋ? ಸರ್ವಿಸಿಂಗ್ ಮಾಡೀಯಲ್ಲ. ಹಂಗಾರ ಬ್ರೇಕ್ ಎಲ್ಲೈತಿ ತೋರಸು ಇದರದು!" ಅವನು "ತಪ್ಪಾತ್ರಿ" ಎಂದು ಕೈ ಮುಗಿದ. ಮೂರು ವಾರ ಅವನಿಂದಲೇ ನಾಯಿಗೆ ಔಷಧದ ಸ್ನಾನ ಮಾಡಿಸಿದರು. ಆಮೇಲೆ ಆ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ನಾಯಿಗೆ ಆಯಿಲು ಕೊಡುವುದಿಲ್ಲ.

ಇದೆಲ್ಲ ಕಣ್ಣ ಮುಂದೆ ನೋಡುತ್ತ ನೋಡುತ್ತ ನನಗೂ ಸ್ವಲ್ಪ ತಿಳಿಯತೊಡಗಿತು. ರಕ್ತದ ಭೇದಿಯಾದ ಮರಿಯನ್ನು ಬಾಗಿಲಲ್ಲೇ ವಾಸನೆಯಿಂದ ಗುರುತಿಸಿ, ಬೇರೆ ಮರಿಗಳ ಹತ್ತಿರ ಬಿಡದೆ ಹಿಂದಿನ ಕೋಣೆಗೆ ಕಳಿಸುತ್ತಿದ್ದೆ. ಒಂದು ದಿನ ಅವರು ನೋಡಿ, "ಅಕ್ಕಾರ್ದು ಕಣ್ಣ ಛಲೋ ಐತಿ" ಎಂದರು. ಹೊಗಳುವುದು ಅವರ ಅಭ್ಯಾಸವಲ್ಲ. ಆ ಮಾತು ನಾನು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದೆನೋ. ಮಾತಾಡದವರಿಗೆ ಸೊಕ್ಕು ಇರುವುದಿಲ್ಲ ಎಂದು ಮಂದಿ ತಿಳಿಯುತ್ತಾರೆ. ಇರುತ್ತದೆ, ಕಾಣುವುದಿಲ್ಲ ಅಷ್ಟೇ. ಮುಂದೆ ಆದದ್ದಕ್ಕೆ ಆ ಸೊಕ್ಕೂ ಕಾರಣ.

ಆಗ ನಿಮ್ಮವ್ವನಿಗೆ ಹದಿನೇಳು ವರ್ಷ. ಬಸವನ ಬಾಗೇವಾಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದಳು. ತಂದೆ ಇಲ್ಲದ ಹುಡುಗಿಗೆ ನಾನೊಬ್ಬಳೇ.

ಒಂದು ಸೋಮವಾರ ಸಾಹೇಬರು ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಹೋಗುವಾಗಲೆಲ್ಲ ಹೇಳುವ ಮಾತು ಅವತ್ತೂ ಹೇಳಿದ್ದರು: "ನಾ ಇಲ್ಲದಾಗ ಯಾವ ನಾಯಿ ಬಾಯಿನೂ ತೆರೀಬ್ಯಾಡ್ರಿ." ಮಧ್ಯಾಹ್ನ ಒಬ್ಬ ಕುರಿಗಾರ ಬಂದ. ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬುತ್ತ ಊರಿಂದೂರಿಗೆ ನಡೆಯುವವನು. ಕಂಬಳಿಯಲ್ಲಿ ತನ್ನ ನಾಯಿಯನ್ನು ಹೊತ್ತು ತಂದಿದ್ದ. ಕೆಂದು ಬಣ್ಣದ ದೊಡ್ಡ ನಾಯಿ. ಕೆಳಗಿನ ದವಡೆ ಜೋತು ಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು.

"ಎಲುವು ಸಿಕ್ಕೊಂಡೈತ್ರಿ ಬಾಯಾರ. ಎರಡ ದಿನಾ ಆತು, ನೀರೂ ಇಳೀವಲ್ದು. ಅರಿಸಿನ ಮಜ್ಜಿಗಿ ಗೊಟ್ಟದಾಗ ಹಾಕಿ ಕುಡಿಸಿದೆ, ಹೊಳ್ಳಿ ಬಂತು."

ಗೊಟ್ಟ ಎಂದರೆ ದನಕ್ಕೆ ಕುರಿಗೆ ಔಷಧ ಕುಡಿಸುವ ಬಿದಿರಿನ ಕೊಳವೆ. ಡಾಕ್ಟರ್ ಇಲ್ಲ, ಸಂಜೆ ಬಾ ಎಂದೆ. ಅವನು ನಾಯಿಯ ಮಗ್ಗುಲಿಗೆ ಕುಳಿತುಬಿಟ್ಟ. "ಇದು ಹ್ವಾದ್ರ ತ್ವಾಳಕ್ಕ ನನ್ನ ಹಿಂಡು ಕೊಟ್ಟಂಗರಿ. ನೀವ ಒಂಚೂರು ನೋಡ್ರಿ" ಎಂದ.

ಹಿಂದಿನ ವಾರವೇ ಸಾಹೇಬರು ಒಂದು ನಾಯಿಯ ಮೇಲ್ದವಡೆಯ ಹಲ್ಲುಗಳ ನಡುವೆ ಅಡ್ಡ ಸಿಕ್ಕ ಎಲುಬನ್ನು ಇಕ್ಕಳದಿಂದ ತೆಗೆದದ್ದನ್ನು ನಾನೇ ಹತ್ತಿರ ನಿಂತು ನೋಡಿದ್ದೆ. ಅದೂ ಹೀಗೇ ಬಾಯಿ ತೆರೆದುಕೊಂಡು ಜೊಲ್ಲು ಸುರಿಸುತ್ತಿತ್ತು. ಈ ನಾಯಿ ಶಾಂತವಾಗಿತ್ತು, ಗುರುಗುಟ್ಟಲೂ ಇಲ್ಲ. ಅಕ್ಕಾರ್ದು ಕಣ್ಣ ಛಲೋ ಐತಿ ಎಂದಿದ್ದರಲ್ಲ. ನಾನು ಕುಕ್ಕರಗಾಲಿನಲ್ಲಿ ಕುಳಿತು ಬಲಗೈಯನ್ನು ಅದರ ಗಂಟಲಿನವರೆಗೆ ಹಾಕಿ ಹುಡುಕಿದೆ. ಎಲುಬಿರಲಿಲ್ಲ. ಏನೂ ಇರಲಿಲ್ಲ.

ಅವತ್ತು ಮುಂಜಾನೆ ಒಡೆದ ಮದ್ದಿನ ಗಾಜಿನ ಕೊಳವೆ ಗುಡಿಸುವಾಗ ನನ್ನ ತೋರುಬೆರಳು ಕೊಯ್ದಿತ್ತು. ಅದರ ಮೇಲೆ ಕಟ್ಟಿದ್ದ ಬಟ್ಟೆ ಜೊಲ್ಲಿನಲ್ಲಿ ನೆನೆದು ಕಳಚಿ ಬಂತು. ನಳದ ಕೆಳಗೆ ಕೈ ತೊಳೆದೆ, ಪಾತ್ರೆ ತೊಳೆದ ಕೈ ತೊಳೆಯುವ ಹಾಗೆ. ಕುರಿಗಾರ ನಾಯಿ ಹೊತ್ತುಕೊಂಡು ಹೋದ. ಸಂಜೆ ಅವನು ಬರಲಿಲ್ಲ. ನಾನು ಸಾಹೇಬರಿಗೆ ಏನೂ ಹೇಳಲಿಲ್ಲ. ಹೇಳಿದ ಮಾತು ಮೀರಿದ್ದೆನಲ್ಲ, ಅದಕ್ಕೆ.

ಗುರುವಾರ ಮುಂಜಾನೆ ಕುರಿಗಾರ ಬರಿಗೈಯಲ್ಲಿ ಬಂದ. ನಾಯಿ ಬುಧವಾರ ಸತ್ತಿತ್ತು, ಹೂಳಿದ್ದ. ಸಾಹೇಬರು ಅವನನ್ನು ಕಟ್ಟೆಯ ಮೇಲೆ ಕೂರಿಸಿ ಒಂದೊಂದೇ ಕೇಳಿದರು. ದವಡೆ ಜೋತಿತ್ತೇ? ದನಿ ಒಡೆದಿತ್ತೇ? ಕತ್ತಲಲ್ಲಿ ಹೋಗಿ ಮಲಗುತ್ತಿತ್ತೇ? ಅವನು ಎಲ್ಲಕ್ಕೂ "ಹೌದ್ರಿ" ಎಂದ. ಅವರ ಮುಖ ಬದಲಾಯಿತು. "ತಮ್ಮಾ, ಅದು ಎಲುವು ಅಲ್ಲ. ಹುಚ್ಚು. ಹುಚ್ಚ ನಾಯಿ ಅಂದ್ರ ಎಲ್ಲಾರಿಗೂ ಬೆನ್ನಟ್ಟಿ ಕಚ್ಚೂದು ಅಂತ ತಿಳದೀರಿ ನೀವು. ಸುಮ್ಮ ಕುಂದ್ರೂದೂ ಒಂದು ಐತಿ. ಅದರ ದವಡಿ ಬೀಳ್ತೈತಿ, ನುಂಗಾಕ ಆಗಂಗಿಲ್ಲ, ಮಂದಿ ಎಲುವು ಸಿಕ್ಕೈತಿ ಅಂತ ಕೈ ಹಾಕ್ತಾರ. ನೀ ಗೊಟ್ಟ ಹಾಕೀದಿ, ಜೊಲ್ಲು ಹತ್ತೈತಿ. ಸೂಜಿ ಹಾಕಿಸ್ಕೊಳಾಕಬೇಕು. ಮತ್ಯಾರ್ಯಾರು ಮುಟ್ಟ್ಯಾರ?"

ಹಾಗೆನ್ನುತ್ತ ನನ್ನ ಕಡೆ ತಿರುಗಿದರು. "ಅಕ್ಕಾರ, ಇಲ್ಲಿಗೆ ತಂದಿದ್ನಂತ. ನೀವೇನರ ಮುಟ್ಟಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಕುರಿಗಾರ ಹೇಳಿದ: "ಇಲ್ರಿ ಯಪ್ಪಾ! ಬಾಯಾರು ಹೊರಗಿಂದ ಹೊರಗ ಕಳಿಸಿದ್ರು. ಹಂತ್ಯಾಕೂ ಬಂದಿಲ್ಲ." ಹೇಳಿ ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಎಂದ. ನನ್ನ ನೌಕರಿ ಉಳಿಸಿದೆ ಎಂದುಕೊಂಡಿದ್ದ ಪುಣ್ಯಾತ್ಮ. ಸಾಹೇಬರು ತಲೆಯಾಡಿಸಿದರು. ನಾನು ನೆಲ ಒರೆಸುವ ಅರಿವೆ ಕೈಗೆತ್ತಿಕೊಂಡೆ.

ಆ ರೋಗ ಬಂದರೆ ಬದುಕುವುದಿಲ್ಲ ಎಂದು ಅವರು ನೂರು ಮಂದಿಗೆ ಹೇಳಿದ್ದನ್ನು ಕೇಳಿದವಳು ನಾನು. ಬರುವ ಮೊದಲೇ ಸೂಜಿ ಹಾಕಿಸಿದರೆ ಬರುವುದಿಲ್ಲ ಎನ್ನುವುದನ್ನೂ ಕೇಳಿದವಳು. ಎರಡೂ ಗೊತ್ತಿದ್ದು ನೆಲ ಒರೆಸುತ್ತಿದ್ದೆ. ಒರೆಸಿದ ಜಾಗವನ್ನೇ ಒರೆಸುತ್ತಿದ್ದೆ. ಅವತ್ತು ಸಾಹೇಬರ ತಂಗಿಯ ಮಗಳನ್ನು ನೋಡಲು ಹೊರ್ತಿಗೆ ಬೀಗರು ಬರುವವರಿದ್ದರು. ಎರಡು ದಿನ ರಜೆ ಹಾಕಿದ್ದರು. ಕುರಿಗಾರನಿಗೆ ಚೀಟಿ ಬರೆದು ಕೊಟ್ಟು, ಸಿಂದಗಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿ, ಬಟ್ಟೆ ಬದಲಿಸಿ, ಮೋಟಾರ್ ಸೈಕಲ್ ಸುರು ಮಾಡಿದರು. ಅವರು ಗೇಟು ದಾಟಿದರೆ ಇನ್ನು ಸೋಮವಾರವೇ. ಸೋಮವಾರದ ಹೊತ್ತಿಗೆ ನನಗೆ ಈ ಧೈರ್ಯವೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಶನಿವಾರ ನಿಮ್ಮವ್ವ ಬರುತ್ತಾಳೆ, ನನ್ನ ಕೈತುತ್ತು ಕೇಳುತ್ತಾಳೆ. ಅದೊಂದೇ ಕಣ್ಣ ಮುಂದೆ ಬಂತು.

ನಾನು ಒದ್ದೆ ಅರಿವೆ ಕೈಯಲ್ಲೇ ಹಿಡಿದು ಓಡಿ ಗಾಡಿಯ ಮುಂದೆ ನಿಂತೆ. ಸೆರಗು ತಲೆಯಿಂದ ಜಾರಿತ್ತು.

"ಸಾಹೇಬ್ರ, ನಾ ಕೈ ಹಾಕೇನ್ರಿ."

ಗಾಡಿಯ ಸದ್ದಿಗೆ ಅವರಿಗೆ ಕೇಳಲಿಲ್ಲ. "ಏನ್ ಅಂದ್ರಿ?" ಎಂದರು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ. ಕೂಗಿ ಹೇಳಿದೆ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಆ ನಾಯಿ ಬಾಯಾಗ ನಾ ಕೈ ಹಾಕೇನ್ರಿ. ಬೆರಳಿಗೆ ಗಾಯ ಇತ್ರಿ."

ಅವರು ಗಾಡಿ ಬಂದ್ ಮಾಡಿದರು. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ಕಾದೆ. "ಮೊದ್ಲ ನೀರು" ಎಂದರು. ಅಷ್ಟೇ. ನಳದ ಹತ್ತಿರ ನಡೆದರು, ನಾನು ಹಿಂದೆ ಹೋದೆ. ಮೂರು ದಿನದ ಮೇಲೆ ತೊಳೆದರೆ ಏನು ಉಪಯೋಗವೋ ಎಂದು ನನಗೆ ಅನ್ನಿಸಿತು. ಆದರೆ ಅವರು ನನ್ನ ಕೈ ಮುಟ್ಟದೆ, ಸಾಬೂನು ಕೊಟ್ಟು, ಗಡಿಯಾರ ನೋಡುತ್ತ ಮಗ್ಗುಲಲ್ಲಿ ನಿಂತರು. ಹದಿನೈದು ನಿಮಿಷ. ನನ್ನ ಅಳು ನಿಂತದ್ದೂ ಅಷ್ಟರಲ್ಲೇ.

"ಈಗ ಮಾತು" ಎಂದರು. ಎಲ್ಲ ಹೇಳಿದೆ. ನನ್ನ ಸೊಕ್ಕನ್ನೂ ಹೇಳಿದೆ. ಕುರಿಗಾರ ದೂರ ನಿಂತು, "ಬಾಯಾರ ನೌಕರಿಗೆ ಧಕ್ಕಿ ಆದೀತಂತ ಸುಳ್ಳ ಹೇಳಿದೆರಿ" ಎಂದ.

"ನೌಕರಿ ಉಳಿಸಿ ಆಕೀನ್ನ ಕೊಲ್ತಿದ್ಯಲ್ಲೋ ತಮ್ಮಾ!" ಎಂದರು ಅವನಿಗೆ. ಆಮೇಲೆ ನನಗೆ, "ಅಕ್ಕಾರ, ತಡಾ ಆತು ಅಂತ ಅಂಜಬ್ಯಾಡ್ರಿ. ಇದಕ್ಕ ಸೂಜಿ ಹಾಕಿದ ದಿನಾನ ಮೊದಲನೇ ದಿನ."

ನಾನು ಮೆಲ್ಲಗೆ ಕೇಳಿದೆ: "ಅದು ಹುಚ್ಚ ಅಂತ ಖಾತ್ರಿ ಏನ್ರಿ?"

"ಖಾತ್ರಿ ಇಲ್ಲ. ಖಾತ್ರಿ ಮಾಡ್ಕೋತ ಕುಂದ್ರೂ ರೋಗ ಅಲ್ಲ ಇದು. ನಡೀರಿ."

ನಾನು ಅವರ ಗಾಡಿಯ ಮೇಲೆ ಕೂರುವಂತಿರಲಿಲ್ಲ. ವಿಧವೆ, ಊರು ನೋಡುತ್ತದೆ. ಅವರು ಅದನ್ನು ಕೇಳಲೂ ಇಲ್ಲ. ನನ್ನನ್ನೂ ಕುರಿಗಾರನನ್ನೂ ಸಿಂದಗಿಯ ಬಸ್ಸಿಗೆ ಹತ್ತಿಸಿದರು. ಬಸ್ಸು ಹೊರಟ ಮೇಲೆ ಕುರಿಗಾರ ಹಿಂದಿನ ಸೀಟಿನಿಂದ ಕೂಗಿದ: "ಬಾಯಾರ, ಹಿಂದ ನೋಡ್ರಿ!" ಬಸ್ಸಿನ ಹಿಂದೆ ಮೋಟಾರ್ ಸೈಕಲ್ ಬರುತ್ತಿತ್ತು. ಬಿಸಿಲು, ಬಸ್ಸಿನ ಕೆಂಪು ಧೂಳು ಪೂರ್ತಿ ಅವರ ಮೈಮೇಲೆ. ಬೀಗರಿಗೆಂದು ಹಾಕಿದ್ದ ಬಿಳಿ ಅಂಗಿ. ಅವರು ಬಸ್ಸನ್ನು ದಾಟಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಎಲ್ಲೆಲ್ಲಿ ಬಸ್ಸು ನಿಂತಿತೋ ಅಲ್ಲೆಲ್ಲ ನಿಂತರು. ನಾನು ನಡುವೆ ಇಳಿದು ಓಡಿ ಹೋದೇನು ಎಂಬ ಅನುಮಾನವಿತ್ತೋ ಏನೋ. ಒಂದು ನಿಲುಗಡೆಯಲ್ಲಿ ನನಗೂ ಹಾಗೆ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಸಿಂದಗಿಯಲ್ಲಿ ಇಬ್ಬರಿಗೂ ಮೊದಲನೆಯ ಸೂಜಿ ಆಯಿತು. ಗಾಯವಿದ್ದವರಿಗೆ ಗಾಯದ ಸುತ್ತ ಇನ್ನೊಂದು ಔಷಧ ಕೊಡಬೇಕು, ಅದು ವಿಜಯಪುರದಲ್ಲಿ ಎಂದರು. ಸಾಹೇಬರು ಗಾಡಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ತಾವೂ ನಮ್ಮ ಬಸ್ಸು ಹತ್ತಿದರು, ಮುಂದೆ ಡ್ರೈವರನ ಹತ್ತಿರ ಕುಳಿತರು. ದೊಡ್ಡ ದವಾಖಾನೆಯ ಸಾಲಿನಲ್ಲಿ ನಿಂತಾಗ ಹೊರ್ತಿಯಿಂದ ಫೋನು ಬಂತು. "ಬೀಗರಿಗೆ ಊಟಾ ಮಾಡಸ್ರಿ. ನಮ್ಮ ಅಕ್ಕಾರ್ಗೆ ಆರಾಮಿಲ್ಲ, ದವಾಖಾನ್ಯಾಗ ಅದೀನಿ" ಎಂದರು. ಆ ಕಡೆಯವರು ಯಾವ ಅಕ್ಕ ಎಂದು ಕೇಳಿರಬೇಕು. "ಇದ್ದಾರ ಒಬ್ರು" ಎಂದರು.

ಬೆರಳಿನ ಗಾಯದ ಸುತ್ತ ಚುಚ್ಚಿದ್ದು ಬಹಳ ನೋಯಿತು. ಹೊರಗೆ ಬಂದಾಗ ಅವರು ಬೆಂಚಿನ ಮೇಲೆ ಕುಳಿತು ಏನೋ ಬರೆಯುತ್ತಿದ್ದರು. ನಾಯಿಗೆ ಲಸಿಕೆ ಹಾಕಿದಾಗ ಕೊಡುವ ಹಳದಿ ಕಾರ್ಡು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. "ದವಾಖಾನಿ ಚೀಟಿ ಸಾಸವಿ ಡಬ್ಬ್ಯಾಗ ಇಟ್ಟು ಮರೀತೀರಿ. ನಮ್ಮ ಕಾರ್ಡಂದ್ರ ಮರಿಯಂಗಿಲ್ಲ" ಎಂದರು. ಮುಂದಿನ ನಾಲ್ಕು ಸೂಜಿಗಳ ದಿನ ಬರೆದಿದ್ದರು. ಪ್ರಾಣಿಯ ಹೆಸರು ಎಂಬಲ್ಲಿ ಒಂದು ಗೆರೆ. ಬಣ್ಣ, ಗುರುತು ಎಂಬಲ್ಲಿ: ಬಲಗೈ ತೋರುಬೆರಳು. ಮಾಲೀಕರು ಎಂಬಲ್ಲಿ ಪೆನ್ನು ನಿಲ್ಲಿಸಿ, "ನಿಮ್ಮ ಮಗಳ ಹೆಸರು ಏನ್ರಿ?" ಎಂದು ಕೇಳಿದರು. ಹೇಳಿದೆ. ಬರೆದರು. "ನಿಮ್ಮ ಮ್ಯಾಲ ಹಕ್ಕ ಇರೂದು ಆಕಿಗಿ. ಇನ್ನೊಮ್ಮೆ ಯಾವುದರ ಬಾಯಾಗ ಕೈ ಹಾಕೂವಾಗ ಮಾಲಕರನ್ನ ಕೇಳಿ ಹಾಕ್ರಿ" ಎಂದರು. ಬೈದದ್ದು ಅದೊಂದೇ ಮಾತು.

ನಾನು ಐದೂ ಸೂಜಿ ಮುಗಿಸಿದೆ. ಕುರಿಗಾರ ಹಿಂಡು ಬಿಟ್ಟು ನಿಲ್ಲುವಂತಿರಲಿಲ್ಲ, ನಡೆಯುತ್ತಲೇ ಇದ್ದ. ಅವನ ದಾರಿ ಕೇಳಿಕೊಂಡು ಸಾಹೇಬರು ಮುಂದಿನ ಊರುಗಳಿಗೆ ಫೋನು ಮಾಡಿ ಹೇಳಿದರು. ಒಂದು ಸೂಜಿ ಸಿಂದಗಿ, ಒಂದು ಹಿಪ್ಪರಗಿ, ಒಂದು ಬಾಗೇವಾಡಿ, ಕಡೆಯ ಎರಡು ಮುದ್ದೇಬಿಹಾಳ. ಮರು ವರ್ಷ ಅದೇ ಹೊತ್ತಿಗೆ ಅವನು ಹೊಸ ನಾಯಿಮರಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಬಂದ. "ಇದಕ್ಕೂ ನನ್ನಂಗ ಊರೂರ ಸೂಜಿ ಹಾಕ್ರಿ" ಎಂದ. ಆಮೇಲೆ ಸಾಹೇಬರು ನಾಯಿ ಮುಟ್ಟುವ ಸಿಬ್ಬಂದಿಗೆಲ್ಲ ಮುಂಚೆಯೇ ಹಾಕುವ ಸೂಜಿ ಹಾಕಿಸಿದರು. ನನಗೆ ಕಪಾಟಿನ ಕೀಲಿ ಕೊಟ್ಟರು, ನಾಯಿ ಹಿಡಿಯುವುದು, ಬಾಯಿಗೆ ಪಟ್ಟಿ ಕಟ್ಟುವುದು ಕಲಿಸಿದರು. ನಾನು ತಪ್ಪು ಮಾಡಿದ ಮೇಲೆಯೇ ಅವರು ನನ್ನನ್ನು ಹೆಚ್ಚು ನಂಬಿದರು. ಯಾಕೆ ಎಂದು ಬಹಳ ದಿನ ತಿಳಿಯಲಿಲ್ಲ. ನಡುವೆ ಅವರಿಗೆ ಇಂಡಿಗೆ ವರ್ಗವಾಯಿತು, ಕೆಲವು ವರ್ಷದ ಮೇಲೆ ತಿರುಗಿ ಹಿಪ್ಪರಗಿಗೇ ಬಂದರು. ಬಂದ ದಿನ ಹೊಸ ಹುಡುಗರನ್ನೆಲ್ಲ ನಿಲ್ಲಿಸಿ ಹೇಳಿದರು: "ತಪ್ಪ ಮಾಡ್ಲಾರದವರು ನನಗ ಬ್ಯಾಡ. ಮಾಡಿ ಹೇಳವರು ಬೇಕು." ಹೇಳುವಾಗ ನನ್ನ ಕಡೆ ನೋಡಲಿಲ್ಲ. ನಾನು ಹುಂಜ ಓಡಿಸುತ್ತಿದ್ದೆ.

ಭಾನುವಾರ ನೀವು ಕೇಳಿದ್ದಕ್ಕೆ ಇದೇ ಉತ್ತರ. ನಾನು ಮೈಕು ಹಿಡಿದು ಮಾತಾಡಬೇಕಾದಲ್ಲಿ ಮಾತಾಡಲಿಲ್ಲ. ಆಡಬೇಕಾದಲ್ಲಿ ಒಂದು ಸಲ ಆಡಿದ್ದೇನೆ. ಆಡದಿದ್ದರೆ ನಿಮ್ಮವ್ವನ ಮದುವೆಯಲ್ಲಿ ನಾನು ಇರುತ್ತಿದ್ದೆನೋ ಇಲ್ಲವೋ.

ಬರುವ ತಿಂಗಳು ಕಾಳ್ಯಾನಿಗೆ ಮೂರು ತಿಂಗಳು ತುಂಬುತ್ತದೆ. ಹುಚ್ಚಿನ ಸೂಜಿ ಹಾಕಿಸಬೇಕು, ವರ್ಷ ವರ್ಷವೂ ಮರೆಯಬಾರದು. ಅವನು ಆಟದಲ್ಲಿ ಹಲ್ಲು ತಾಗಿಸಿದರೂ ಸರಿ, ಬೀದಿಯ ನಾಯಿ ಬರೀ ಗೀರಿದರೂ ಸರಿ, ಮೊದಲು ನಳದ ಹತ್ತಿರ ಹೋಗಿ, ಆಮೇಲೆ ಅಳುತ್ತಲೋ ಅಂಜುತ್ತಲೋ ಮನೆಗೆ ಬಂದು ಹೇಳಿ. ಯಾರೂ ಬೈಯುವುದಿಲ್ಲ. ಬೈದರೆ ನಾನಿದ್ದೇನೆ.

ಆ ಹಳದಿ ಕಾರ್ಡನ್ನು ಈ ನೋಟುಬುಕ್ಕಿನ ಕಡೆಯ ಹಾಳೆಯಲ್ಲಿ ಇಟ್ಟಿದ್ದೇನೆ. ಮಡಿಕೆ ಬಿದ್ದಲ್ಲಿ ಹರಿದಿದೆ, ನಿಧಾನಕ್ಕೆ ಬಿಚ್ಚಿರಿ. ಮಾಲೀಕರು ಎಂಬಲ್ಲಿ ನಿಮ್ಮವ್ವನ ಹೆಸರಿದೆ, ಅವರ ಸೊಟ್ಟ ಅಕ್ಷರದಲ್ಲಿ. ಅದರ ಮುಂದೆ ಇನ್ನೆರಡು ಹೆಸರಿಗಾಗುವಷ್ಟು ಜಾಗ ಖಾಲಿ ಇದೆ. ನಿಮ್ಮ ಹೆಸರು ಬರೆದುಕೊಳ್ಳಿರಿ. ಬರೆದು, ಸೂಜಿ ಹಾಕಿಸಿದಾಗ ಸಿಗುವ ಕಾಳ್ಯಾನ ಕಾರ್ಡಿನ ಜೊತೆ ಒಂದೇ ಚೀಲದಲ್ಲಿ ಹಾಕಿ, ಈ ಹಾಳೆಗಳನ್ನೂ ಅದನ್ನೂ ಜೋಪಾನವಾಗಿ ಇಡಿ.